ಸಕೀನಾಬೀ, ಮಸ್ಕಿ

೧೯೫೩ರಲ್ಲಿ ಸಿಂಧನೂರಿಗೆ ಜರ್ಮನಿ ಕ್ಯಾಮೆರಾದ ಸ್ಟುಡಿಯೋ ಬಂತು. ಮಸ್ಕಿಯ ಸಕೀನಾಬೀ ಹತ್ತಿರ ಇದ್ದದ್ದು ಸತ್ತ ಗಂಡನ ಮರದ ಡಬ್ಬಿ ಕ್ಯಾಮೆರಾ. ಅದಕ್ಕೆ ಒತ್ತುವ ಗುಂಡಿಯೇ ಇರಲಿಲ್ಲ. ಮುಂದಿನ ಮುಚ್ಚಳ ತೆಗೆದು, ಬೆಳಕು ಒಳಗೆ ಬೀಳುವಷ್ಟು ಹೊತ್ತು ಬಿಟ್ಟು, ಮತ್ತೆ ಮುಚ್ಚಬೇಕು. ಅಲ್ಲಿಯವರೆಗೆ ಕುಳಿತವರು ಮಿಸುಕಬಾರದು. ಪ್ರತಿ ಫೋಟೋದ ರಟ್ಟಿನ ಮೇಲೆ ಅವಳು ಮಸಿಯಲ್ಲಿ ‘ಸಕೀನಾಬೀ, ಮಸ್ಕಿ’ ಎಂದು ಬರೆಯುತ್ತಿದ್ದಳು. ಗಂಡನ ಹೆಸರಿನ ಮುದ್ರೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು.

ಹತ್ತಿ ವ್ಯಾಪಾರಿ ಬಸವಂತರಾಯನಿಗೆ ತಾಯಿ ಬಸವಣ್ಣೆಮ್ಮನ ಫೋಟೋ ಬೇಕಿತ್ತು. ಲಿಂಗಸುಗೂರಿನ ಬೀಗರ ಹೊಸ ಮನೆಗೆ ಕಳಿಸಲಿಕ್ಕೆ. ಸಿಂಧನೂರಿನ ಸ್ಟುಡಿಯೋದವನು ಮೂರು ತೆಗೆದಿದ್ದ. ಮೂರರಲ್ಲೂ ಮುದುಕಿ ಕಚೇರಿಯಲ್ಲಿ ಜುಲ್ಮಾನೆ ಕಟ್ಟಲು ನಿಂತವಳಂತೆ ಬಂದಿದ್ದಳು.

"ಇದು ನಾ ಅಲ್ಲ," ಎಂದಳು ಬಸವಣ್ಣೆಮ್ಮ. "ಆ ಸಕೀನಾಬೀನ್ನ ಕರಸು."

ಸಕೀನಾಬೀ ಅಂಗಳದಲ್ಲಿ ಮುಕ್ಕಾಲಿ ಊರಿದಳು. ಮುದುಕಿ ಆಗಲೇ ಬಿಗಿದುಕೊಂಡಿದ್ದಳು.

"ಅವ್ವಾರ, ನಿನ್ನಿ ಸಂತ್ಯಾಗ ನಿಮ್ಮ ಬೀಗಿತಿ ಸಿಕ್ಕಿದ್ರು. ನಿಮ್ಮ ಬಗ್ಗೆ ಒಂದು ಮಾತಂದ್ರು..."

ಅಷ್ಟಕ್ಕೇ ನಿಲ್ಲಿಸಿದಳು. ಮುದುಕಿಯ ಹುಬ್ಬು ಏರಿತು, ಗದ್ದ ಮುಂದೆ ಬಂತು, ಕಣ್ಣು ಸಕೀನಾಬೀಯ ತುಟಿಯ ಮೇಲೇ ನಿಂತಿತು. ಮುಚ್ಚಳ ತೆರೆಯಿತು, ಮುಚ್ಚಿತು.

"ಏನಂದ್ಲು, ಹೇಳ ಬೇ?"

"ಏನೂ ಇಲ್ರಿ. ಅವರು ಸಂತಿಗೇ ಬಂದಿದ್ದಿಲ್ಲ."

ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು.

ಫೋಟೋ ನೋಡಿ ಬಸವಂತರಾಯ ತಲೆದೂಗಿದ. "ಛಲೋ ಬಂದದ. ಆದ್ರ ನಿನ್ನ ಹೆಸರು ಅಳಸಿ ಸಿಂಧನೂರಿನ ಮುದ್ರಿ ಹೊಡಸ್ತೀನಿ. ಜರ್ಮನಿ ಕ್ಯಾಮೆರಾದಾಗ ತೆಗಿಸೀನಂತ ಬೀಗರಿಗೆ ಹೇಳೀನಿ."

ಸಕೀನಾಬೀ ಫೋಟೋವನ್ನು ಅವನ ಕೈಯಿಂದ ತೆಗೆದುಕೊಂಡು ಚೀಲದಲ್ಲಿಟ್ಟಳು. "ಹಂಗಾದ್ರ ಆ ಕ್ಯಾಮೆರಾ ತೆಗೆದದ್ದನ್ನೇ ಕಳಸ್ರಿ, ಸಾವ್ಕಾರ್ರ. ಮೂರು ಅದಾವಲ್ಲ."

"ನೋಡು, ಇನ್ನ ನಮ್ಮ ಮನಿ ಕೆಲಸ ನಿನಗ ಬರಂಗಿಲ್ಲ. ನಮ್ಮ ಮಂದಿದೂ ಬರಂಗಿಲ್ಲ."

"ಬರದಿದ್ರ ಬಿಡ್ರಿ. ಹೆಸರು ಅಳಸಂಗಿಲ್ಲ."

ಬೀಗರಿಗೆ ಸ್ಟುಡಿಯೋದ ಮೂರರಲ್ಲಿ ಒಂದು ಹೋಯಿತು. ಅವನು ಮಾತು ಉಳಿಸಿಕೊಂಡ. ಆ ವರ್ಷ ಮಸ್ಕಿಯ ದೊಡ್ಡ ಮನೆಗಳ ಮದುವೆಗಳಿಗೆಲ್ಲ ಸಿಂಧನೂರಿನಿಂದ ಸ್ಟುಡಿಯೋದವನೇ ಬಂದ. ಸಕೀನಾಬೀ ಸಂತೆಯ ಬೇವಿನ ಮರದ ಕೆಳಗೆ ಹೊಲದ ಕೂಲಿಯವರು, ಬಳೆಗಾರ್ತಿಯರು, ಗಾಡಿ ಹೊಡೆಯುವವರ ಫೋಟೋ ತೆಗೆಯುತ್ತ ಕುಳಿತಳು. ಮರದ ಕಾಂಡಕ್ಕೆ ಬಸವಣ್ಣೆಮ್ಮನ ಫೋಟೋ ತೂಗುಹಾಕಿದ್ದಳು.

ಮರುವರ್ಷ ಒಂದು ಸಂತೆಯ ದಿನ ಬಸವಣ್ಣೆಮ್ಮ ಬೀಗಿತಿಯನ್ನು ಕೈಹಿಡಿದು ಕರೆದುಕೊಂಡು ಬಂದಳು. ಮಗನಿಗೆ ಹೇಳಿರಲಿಲ್ಲ. ಬೀಗಿತಿ ಫೋಟೋ ಎದುರು ಬಹಳ ಹೊತ್ತು ನಿಂತಳು.

"ನಮ್ಮ ಮನ್ಯಾಗ ಇರೋದು ಯಾರು ಮತ್ತ?"

"ಅದು ಜರ್ಮನಿ ಡಬ್ಬಿ ತೆಗೆದದ್ದು. ನಾ ಇಲ್ಲಿ ಅದೀನಿ," ಎಂದಳು ಬಸವಣ್ಣೆಮ್ಮ, ಮರದತ್ತ ಕೈ ತೋರಿಸಿ.

ಬೀಗಿತಿ ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡಳು. ಸಕೀನಾಬೀ ಮುಚ್ಚಳಕ್ಕೆ ಕೈ ಹಚ್ಚಿದಳು.

"ಈ ಅವ್ವಾರು ಈಗ ದಾರ್‍ಯಾಗ ನಿಮ್ಮ ಬಗ್ಗೆ ಒಂದು ಮಾತಂದ್ರು..."