ಮುಷ್ಟಿ ತುಂಬ ಭಂಡಾರ

ಹಣೆಯ ತುಂಬ ಹಳದಿ ಭಂಡಾರ, ಕೈಯಲ್ಲಿ ಸತ್ತ ಆಡಿನ ದವಡೆ. ಸುಗಲಾ ಅಕ್ಕೋರು ವಿಜ್ಞಾನದ ತರಗತಿಗೆ ಬರುತ್ತಿದ್ದದ್ದು ಹಾಗೆ. ಅಕ್ಕಲಕೋಟ ತಾಲ್ಲೂಕಿನ ನಮ್ಮ ಹಳ್ಳಿಯ ಖಾಸಗಿ ಕನ್ನಡ ಶಾಲೆಯಲ್ಲಿ ಅವರು ನನಗೆ ಹತ್ತನೆಯ ತರಗತಿಯಲ್ಲಿ ಕಲಿಸಿದರು. ಹುಲಜಂತಿಯ ಮಾಳಿಂಗರಾಯ ಅವರ ಮನೆದೇವರು. ಆ ದೇವರ ಭಂಡಾರ, ಎಂದರೆ ಪೂಜೆಯ ಅರಿಶಿನಪುಡಿ, ಹಚ್ಚಿಕೊಳ್ಳದೆ ನೀರನ್ನೂ ಕುಡಿಯುತ್ತಿರಲಿಲ್ಲ.

ಜೀವವಿಕಾಸದ ಪಾಠದ ದಿನ ಎಲ್ಲರನ್ನೂ ಎಬ್ಬಿಸಿ ಬೆನ್ನೆಲುಬಿನ ತುದಿ ಒತ್ತಿ ನೋಡಲು ಹೇಳುತ್ತಿದ್ದರು. "ಬಾಲ ಹೋಗೈತಿ, ಗುರುತು ಉಳದೈತಿ."

"ಹಂಗಾದ್ರ ಮಂಗ್ಯಾ ನಮ್ಮ ಮುತ್ಯಾ ಏನ್ರಿ ಅಕ್ಕೋರ?" ಎಂದು ನಾನು ಕೇಳಿದ್ದೆ.

"ಮುತ್ಯಾ ಅಲ್ಲೋ ಖೋಡಿ, ದೂರದ ಕಾಕಾನ ಮಗ. ಮದವಿಗಿ ಕರಿಯೂದಿಲ್ಲ, ಅಷ್ಟ."

ಹೋದ ವರ್ಷ ಸೊಲ್ಲಾಪುರದ ಪತ್ರಿಕೆಯ ವರದಿಗಾರನಾಗಿ ಅದೇ ಶಾಲೆಗೆ ಹೋದೆ. ಮಂಗನ ಪಾಠ ಹೇಳಿ ಮಕ್ಕಳ ದೈವಭಕ್ತಿ ಕೆಡಿಸುತ್ತಾರೆ ಎಂದು ಪಾಲಕರು ಅಕ್ಕೋರ ಮೇಲೆ ದೂರು ಕೊಟ್ಟಿದ್ದರು. ಅದನ್ನು ವಿಚಾರಿಸಲು ಶಾಲೆ ನಡೆಸುವ ಸಂಸ್ಥೆ ಕರೆದ ಸಭೆಯಲ್ಲಿ ಮೇಜಿನ ಮೇಲೆ ಭಂಡಾರದ ತಟ್ಟೆ ಕಂಡು ದಂಗಾದೆ. ನಮ್ಮಲ್ಲಿ ಹೊಲದ ಬದುವಿನ ಜಗಳ ತೀರುವುದು ಹಾಗೆ; ಭಂಡಾರ ಹಿಡಿದು ಆಡಿದ ಮಾತನ್ನು ಯಾರೂ ಮತ್ತೆ ಕೆದಕುವುದಿಲ್ಲ. ಪಾಠವೊಂದಕ್ಕೆ ಅದನ್ನು ತಂದಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಅಕ್ಕೋರ, ಇದನ್ನ ಹಿಡದು ಆ ಪಾಠ ಸುಳ್ಳ ಅಂತ ಒಂದ ಮಾತ ಹೇಳ್ರಿ. ನಾಳಿಂದ ಆರಾಮ ಸಾಲಿಗಿ ಬರ್ರಿ," ಎಂದರು ಸಂಸ್ಥೆಯ ಅಧ್ಯಕ್ಷ ಗುರಪ್ಪನವರು.

ಅಕ್ಕೋರು ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮುಷ್ಟಿ ತುಂಬ ಭಂಡಾರ ತೆಗೆದುಕೊಂಡರು.

"ಮಾಳಿಂಗರಾಯನ ಆಣಿ. ನಾ ಕಲಿಸಿದ್ದು ಖರೆ ಐತಿ. ಇದನ್ನ ಕೈಯಾಗ ಹಿಡದು ಸುಳ್ಳ ಹೆಂಗ ಹೇಳ್ಲಿರಿ?"

ದೂರು ಕೊಟ್ಟವರೇ ಕೈಮುಗಿದರು. ವಿಷಯ ಮುಗಿಯಿತೆಂದು ನಾನು ಪೆನ್ನು ಮುಚ್ಚಿದೆ.

ಗುರಪ್ಪನವರೂ ಕೈಮುಗಿದರು. "ಖರೇನ ಇರಬೇಕ್ರಿ. ಅಕ್ಕೋರು ಭಂಡಾರ ಹಿಡದು ಸುಳ್ಳ ಹೇಳೋರಲ್ಲ. ಆದ್ರ ಅಂಥಾ ಖರೆ ನಮ್ಮ ಸಾಲ್ಯಾಗ ಬ್ಯಾಡ. ನಾಳಿಂದ ಬರಬ್ಯಾಡ್ರಿ."

ಮಾತು ನಂಬದೆ ಕೆಲಸದಿಂದ ತೆಗೆದ ಸುದ್ದಿ ಎಷ್ಟೋ ಬರೆದಿದ್ದೇನೆ. ಇಲ್ಲಿ ನಂಬಿಯೇ ತೆಗೆದರು. ಮುಚ್ಚಿದ ಪೆನ್ನನ್ನು ಮತ್ತೆ ತೆರೆದೆ.

ಅಕ್ಕೋರು ಮುಷ್ಟಿ ಬಿಚ್ಚಿರಲಿಲ್ಲ. ಭಂಡಾರವನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಹಾಗೆಯೇ ನಡೆದು ಬಂದು ರಸ್ತೆಯಲ್ಲಿ ಬಸ್ಸಿಗೆ ನಿಂತರು. ನಾನು ಹತ್ತಿರ ಹೋದಾಗ, "ಬಾಗೋ ತಮ್ಮಾ," ಎಂದು ಅಷ್ಟನ್ನೂ ನನ್ನ ಹಣೆಗೆ ಬಳಿದರು.

"ಪೇಪರಿಗಿ ಬರಿಯೂತನಕಾ ಒರಿಸ್ಕೋಬ್ಯಾಡ."

ಬಸ್ಸು ಬಂತು. ಅವರನ್ನು ಮತ್ತೆ ನೋಡಿಲ್ಲ.