ಚೌಡಿಗುಂಡಿಯ ಮೂರು ಬೊಗಸೆ ನೀರು

ಅರವತ್ತರ ದಶಕದ ಆ ದಿನಗಳಲ್ಲಿ ನಮ್ಮೂರಿನ ಜಗಳಗಳು ಪೊಲೀಸು, ಕೋರ್ಟು ಎಂದು ತೀರ್ಥಹಳ್ಳಿಗೆ ಹೋಗುತ್ತಿದ್ದದ್ದು ಕಡಿಮೆ. ಅವು ಹಳ್ಳಕ್ಕೆ ಹೋಗುತ್ತಿದ್ದವು. ತುಂಗೆಯನ್ನು ಸೇರುವ ಮೊದಲು ನಮ್ಮ ಹಳ್ಳ ಗದ್ದೆಬಯಲಿನ ಕೆಳಗೆ ಒಂದು ಮಡುವಾಗಿ ನಿಲ್ಲುತ್ತಿತ್ತು. ದಡದ ಮೇಲೆ ಊರು ಕಾಯುವ ದೇವತೆ ಚೌಡಿಯ ಕಲ್ಲು. ಅದಕ್ಕೇ ಅದು ಚೌಡಿಗುಂಡಿ. ಕೋಳಿ ಕದ್ದವನೆಂಬ ಅನುಮಾನವಿರಲಿ, ಗದ್ದೆಯ ಅಂಚು ಒತ್ತಿದವನೆಂಬ ದೂರಿರಲಿ, ಆ ಮನುಷ್ಯ ಸೊಂಟದವರೆಗೆ ನೀರಿಗಿಳಿದು, ಮೂರು ಬೊಗಸೆ ಕುಡಿದು, ‘ನಾನು ಮಾಡಿಲ್ಲ’ ಎನ್ನಬೇಕು. ಹೊತ್ತು ಮುಳುಗುವುದರೊಳಗೆ ಮೈಗೆ ಏನೂ ಆಗದಿದ್ದರೆ ಅವನು ಸಾಚಾ. ಮಾತು ಅಲ್ಲಿಗೆ ಮುಗಿಯಿತು.

ನಮಗೆ ಹುಡುಗರಿಗೆ ಅದೂ ಒಂದು ಆಟ. ಗೋಲಿ ಕಳೆದುಹೋದರೆ ಸಾಕು, “ನೀನೇ ಕದ್ದಿದ್ದು, ಕುಡಿ ನೋಡಾಣ” ಎಂದು ಒಬ್ಬರನ್ನೊಬ್ಬರು ನೀರಿಗೆ ತಳ್ಳುತ್ತಿದ್ದೆವು. ಕದ್ದವರೂ ಧೈರ್ಯವಾಗಿ ಕುಡಿಯುತ್ತಿದ್ದೆವು. ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ನೀರಿಗೆ ಸೊಪ್ಪಿನ, ಕಲ್ಲಿನ, ಸ್ವಲ್ಪ ಮೀನಿನ ವಾಸನೆಯಿತ್ತು ಎಂದು ನೆನಪು. ವಾಸನೆಯ ನೆನಪನ್ನು ಎಷ್ಟು ನಂಬಬಹುದೋ ನನಗೆ ತಿಳಿಯದು.

ನನ್ನ ಜೊತೆಗಾರ ಮಂಜ. ಅವನ ಅಪ್ಪ ಹೊನ್ನಪ್ಪ ತುಂಗೆಯಲ್ಲಿ ಜನರನ್ನು ದೋಣಿ ದಾಟಿಸುತ್ತಿದ್ದ, ಹಳ್ಳದಲ್ಲಿ ಬಿದಿರಿನ ಕೂಳಿ ಇಟ್ಟು ಮೀನು ಹಿಡಿಯುತ್ತಿದ್ದ. ಚೌಡಿಗುಂಡಿಯ ಮೀನನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಅವು ಚೌಡಿಯವು. ನಾವಿಬ್ಬರೂ ಗದ್ದೆಯಂಚಿನ ಬಿಲಗಳಿಂದ ಏಡಿ ಹಿಡಿದು ಕೆಂಡದಲ್ಲಿ ಸುಡುತ್ತಿದ್ದೆವು. ಚಿಪ್ಪು ಕೆಂಪಾಗಿ ಸಿಡಿಯುವಾಗಿನ ಆ ಘಮಕ್ಕೆ ಮನೆಯಿಂದ ಉಪ್ಪು ಕದ್ದು ತರುವುದು ನನ್ನ ಕೆಲಸ.

ಗೌರಿ ಹಬ್ಬದ ಮುಂಚಿನ ದಿನಗಳು. ಮಳೆ ಬಿಟ್ಟು ಹೊಳವಾಗಿತ್ತು. ನಮ್ಮ ಗದ್ದೆಯ ಪೈರಿಗೆ ಹುಳು ಬಿದ್ದಿತ್ತು. ಚಿಕ್ಕಪ್ಪ ತೀರ್ಥಹಳ್ಳಿಯಿಂದ ಎಂಡ್ರಿನ್ ಎಂಬ ಹೊಸ ಔಷಧಿಯ ಡಬ್ಬಿ ತಂದರು. ಸೀಮೆಎಣ್ಣೆಯಂಥದೇ ವಾಸನೆ, ಆದರೆ ಗಂಟಲಲ್ಲಿ ಕೂತುಬಿಡುವಂಥದು. ಅದನ್ನು ಹೊಡೆಯಲು ಬೆನ್ನಿಗೆ ಹೊರುವ ಪಂಪನ್ನೂ ತಂದಿದ್ದರು, ಊರಿಗೇ ಮೊದಲ ಪಂಪು ಅದು. ಜನ ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು.

“ದೂರ ಹೋಗ್ರೋ ಹುಡುಗ್ರಾ, ಮೂಗು ಉದುರಿ ಹೋದೀತು!” ಎಂದು ಚಿಕ್ಕಪ್ಪ ನಕ್ಕರು. ಸಂಜೆಯ ಹೊತ್ತಿಗೆ ಹುಳುಗಳು ಎಲೆಯಿಂದ ಉದುರಿದ್ದವು. ಪಂಪನ್ನು ಕಾಲುವೆಯಲ್ಲೇ ತೊಳೆದರು. ಕತ್ತಲಾಗುವ ಮೊದಲೇ ದೊಡ್ಡ ಮಳೆ ಹೊಯ್ದು ಗದ್ದೆ ಉಕ್ಕಿ ಹಳ್ಳಕ್ಕೆ ಹರಿಯಿತು. ಹಾಗೆಂದು ನನ್ನ ನೆನಪು.

ಬೆಳಿಗ್ಗೆ ಮಂಜ ಓಡಿಬಂದ. “ಏ, ಬಾರೋ! ಚೌಡಿಗುಂಡೀಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಿದಾವೆ!”

ತೋಳುದ್ದದ ಮೀನುಗಳು ಬಿಳಿ ಹೊಟ್ಟೆ ತೋರಿಸಿಕೊಂಡು ದಡಕ್ಕೆ ಬಡಿಯುತ್ತಿದ್ದವು. ನನ್ನನ್ನು ಹೆದರಿಸಿದ್ದು ಏಡಿಗಳು. ಅವು ನೀರು ಬಿಟ್ಟು ಕಲ್ಲು ಹತ್ತಿ ಕೂತು, ಕಾಲು ನಡುಗಿಸುತ್ತಿದ್ದವು. ಮಂಜ ಒಂದನ್ನು ಎತ್ತಿಕೊಂಡ. ಅದು ಕಚ್ಚಲಿಲ್ಲ.

ಆ ಹೊತ್ತಿಗೆ ಊರೇ ಸೇರಿತ್ತು. ಬೇಸಿಗೆಯಲ್ಲಿ ಕಾರೆಕಾಯಿ ಜಜ್ಜಿ ನಿಂತ ನೀರಿಗೆ ಕದಡಿ, ಅಮಲೇರಿದ ಮೀನನ್ನು ಬಾಚಿಕೊಳ್ಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಉಪಾಯ. ಮೀನು ಸತ್ತಿದೆ ಎಂದರೆ ಯಾರೋ ನಂಜು ಹಾಕಿದ್ದಾರೆ ಎಂದೇ ಅರ್ಥ. ಊರಲ್ಲಿ ಮೀನಿನಿಂದ ಬದುಕುತ್ತಿದ್ದವನು ಹೊನ್ನಪ್ಪ ಒಬ್ಬನೇ.

“ಎಂತ ಹೊನ್ನಪ್ಪ, ಚೌಡೀ ಮೀನೇ ಬೇಕಾಯ್ತಾ ನಿಂಗೆ?” ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ಸುಳ್ಳಿರಲಿಲ್ಲ, ನಿಜವಾಗಿಯೂ ಸಿಟ್ಟು ಬಂದಿತ್ತು.

“ಅಯ್ಯಾ, ನಂಗೇನು ತಲೆ ಕೆಟ್ಟಿದ್ಯಾ? ಇಷ್ಟು ಹರಿಯೋ ನೀರಿಗೆ ಯಾರಾದ್ರೂ ಕಾರೆಕಾಯಿ ಹಾಕ್ತಾರಾ?”

“ಮತ್ತೆ ಮೀನು ತಾವೇ ನೇಣು ಹಾಕ್ಕೊಂಡ್ವಾ?” ಎಂದು ಯಾರೋ ಕೂಗಿದರು. ಜನ ನಕ್ಕರು. ಹೊನ್ನಪ್ಪನೂ ನಕ್ಕ.

“ಕುಡೀತೀನಿ ತಗಳಿ. ಚೌಡಿ ನಂಗೇನು ಹೊಸಬಳಾ?” ಎಂದು ಪಂಚೆ ಎತ್ತಿ ಕಟ್ಟಿ, ತೇಲುತ್ತಿದ್ದ ಮೀನುಗಳನ್ನು ಕೈಯಿಂದ ಸರಿಸುತ್ತ ನೀರಿಗಿಳಿದ. ಮೂರು ಬೊಗಸೆ ಕುಡಿದ. ಮೇಲೆ ಇನ್ನೊಂದು ಬೊಗಸೆ ಎತ್ತಿ, “ಇದು ನಿಮ್ಮ ಲೆಕ್ಕಕ್ಕೆ ಅಯ್ಯಾ” ಎಂದು ಚಿಕ್ಕಪ್ಪನ ಕಡೆ ನೋಡಿ ಅದನ್ನೂ ಕುಡಿದ. ಮಂಜ ನನ್ನ ಪಕ್ಕೆಗೆ ತಿವಿದ. ಅವನಿಗೆ ಹೆಮ್ಮೆ.

ಮಧ್ಯಾಹ್ನ ಹೊನ್ನಪ್ಪ ಅಂಗಳದಲ್ಲಿ ಬಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ಮಂಜನ ತಾಯಿ ಹುಣಿಸೆನೀರು ಕುಡಿಸಿ ವಾಂತಿ ಮಾಡಿಸಿದಳು. ಅವನು ಬದುಕಿದ. ಬದುಕಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಹೊತ್ತು ಮುಳುಗುವ ಮೊದಲೇ ಚೌಡಿ ತೋರಿಸಿಬಿಟ್ಟಳು ಎಂದು ಊರು ತೀರ್ಮಾನಿಸಿತ್ತು. ಮನುಷ್ಯನದಲ್ಲದೆ ನೀರಿನದೇ ತಪ್ಪಿರಬಹುದು ಎಂಬುದು ಆ ಗುಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಮನುಷ್ಯನನ್ನೇ ಕೆಡವುವಷ್ಟು ನೀರು ಕೆಡುತ್ತದೆ ಎಂದು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

ಅವನನ್ನು ಯಾರೂ ಹೊಡೆಯಲಿಲ್ಲ. ಅವನ ದೋಣಿ ಹತ್ತುವುದನ್ನು ಬಿಟ್ಟರು, ಅಷ್ಟೇ. ಬುಟ್ಟಿಯ ಮೀನು ಬುಟ್ಟಿಯಲ್ಲೇ ಕೊಳೆಯಿತು. ಮಂಜ ಶಾಲೆಗೆ ಬಂದರೆ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ನನಗೆ ಅವ್ವ ಖಡಾಖಂಡಿತವಾಗಿ ಹೇಳಿದ್ದಳು, “ಆ ಮನೆ ಕಡೆ ಕಾಲಿಟ್ಟೀಯ, ಜೋಕೆ.” ದೀಪಾವಳಿಯ ಹೊತ್ತಿಗೆ ಅವರು ಊರು ಬಿಟ್ಟರು. ಶರಾವತಿಗೆ ಅಣೆಕಟ್ಟು ಕಟ್ಟಿ ಸಾಗರದ ಕಡೆ ಹಿನ್ನೀರು ನಿಂತಿತ್ತು, ಅಲ್ಲಿ ದೋಣಿ ಗೊತ್ತಿದ್ದವರು ಬೇಕಂತೆ ಎಂದು ಸುದ್ದಿಯಿತ್ತು. ಬಸ್ಸಿನ ಮೇಲೆ ಚಾಪೆ, ಮಡಕೆ, ದೋಣಿಯ ಹುಟ್ಟು ಕಟ್ಟಿದ್ದರು. ಕಿಟಕಿಯಲ್ಲಿ ಮಂಜ ನನ್ನನ್ನು ಕಂಡು ಮುಖ ಒಳಗೆ ಎಳೆದುಕೊಂಡ.

ಮುಂದೆ ನಾನು ರಸಾಯನಶಾಸ್ತ್ರ ಓದಿದೆ. ಹೊಳೆಗಳ ನೀರನ್ನು ಬಾಟಲಿಗೆ ತುಂಬಿ ತಂದು, ಗದ್ದೆತೋಟಗಳಿಂದ ಗೊಬ್ಬರ, ಔಷಧಿ ಎಷ್ಟು ಇಳಿದುಬಂದಿದೆ ಎಂದು ನೋಡುವುದೇ ಕೆಲಸವಾಯಿತು. ಎಂಡ್ರಿನ್ ಮೀನಿಗೆ, ಮನುಷ್ಯನಿಗೆ ಎಂಥ ವಿಷವೆಂದು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತಿದ್ದೆ. ಆಮೇಲೆ ನನ್ನ ವಿದ್ಯೆಯೇ ನನ್ನ ಜೊತೆ ವಾದಕ್ಕಿಳಿಯಿತು. ಅಷ್ಟು ಮಳೆಗೆ ತೆಳುವಾದ ನೀರಿನ ನಾಲ್ಕು ಬೊಗಸೆ ಒಬ್ಬ ಗಟ್ಟಿ ಆಳನ್ನು ಕೆಡವುತ್ತದೆಯೇ? ಹಿಂದಿನ ದಿನ ಬರಿಮೈಯಲ್ಲಿ ಪಂಪು ಹೊತ್ತವನು ಹೊನ್ನಪ್ಪನೇ ಎಂದು ಒಮ್ಮೊಮ್ಮೆ ಕಣ್ಣಿಗೆ ಕಟ್ಟುತ್ತದೆ. ಹಾಗಿದ್ದರೆ ಔಷಧಿ ಅವನ ಚರ್ಮದಿಂದಲೇ ಇಳಿದಿರಬೇಕು. ಇನ್ನೊಮ್ಮೆ ನೋಡಿದರೆ ಪಂಪು ಹೊತ್ತವರು ಚಿಕ್ಕಪ್ಪನೇ.

ಅವ್ವನನ್ನು ಕೇಳಿದೆ. “ಎಂತಕ್ಕೆ ಅದನ್ನೆಲ್ಲ ಕೆದಕ್ತೀಯ? ಆ ಔಷಧಿ ಎಣ್ಣೆ ತಂದಿದ್ದು ಮಾರನೇ ವರ್ಷ ಕಣಾ. ಎರಡನ್ನೂ ಕಲಸ್ಕೊಂಡಿದೀಯ ನೀನು” ಎಂದಳು. ಅವಳು ಮೈದುನನನ್ನು ಕಾಯುತ್ತಿದ್ದಳೋ, ನಿಜ ಹೇಳುತ್ತಿದ್ದಳೋ. ಚಿಕ್ಕಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು.

ಎಷ್ಟೋ ವರ್ಷಗಳ ಮೇಲೆ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದಾಗ ಚಹಾದ ಅಂಗಡಿಯವನು ನನ್ನನ್ನೇ ನೋಡಿದ. “ನೀವು ಗೌಡ್ರ ಮನೆಯವ್ರಲ್ವಾ?” ಎಂದ. ಮಂಜ. ‘ಏ, ಬಾರೋ’ ಎನ್ನುತ್ತಿದ್ದವನು ‘ನೀವು’ ಎಂದ. ಎಂಡ್ರಿನ್, ಮಳೆ, ಏಡಿ ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ಲೋಟ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

“ಊರು ಬಿಟ್ಟ ಮೇಲೆ ಅಪ್ಪ ಸಾಯೋವರೆಗೂ ಮೀನು ಹಿಡೀಲಿಲ್ಲ. ಯಾವ್ದೋ ಬೇಸಿಗೇಲಿ ಮೇಲಿನ ಹಳ್ಳಕ್ಕೆ ತಾವೇ ಕಾರೆಕಾಯಿ ಹಾಕಿದ್ರಂತೆ. ಅದನ್ನ ಚೌಡಿ ನೆನಪಲ್ಲಿಟ್ಟಿದ್ಲು ಅಂತಿದ್ರು. ಸಾಯೋ ಹಿಂದಿನ ದಿನಾನೂ ಅದೇ ಮಾತು.” ಆಮೇಲೆ ಕೇಳಿದ. “ಹಂಗಾದ್ರೆ ಅದು ಔಷಧೀನೇ. ಖಂಡಿತ ಅಲ್ವಾ?”

“ಇರಬಹುದು” ಎಂದೆ.

ಮಂಜ ನನ್ನ ಮುಖ ನೋಡಿದ. “ಇರ್ಬಹುದು” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಲೋಟವನ್ನು ಮತ್ತೆ ನೀರಿಗದ್ದಿದ. “ಲಾಂಚ್ ಬಂತು ನೋಡಿ. ಹತ್ಕೊಳಿ.”

ಈಚೆಗೆ ಊರಿಗೆ ಹೋದಾಗ ಚೌಡಿಗುಂಡಿಯ ನೀರನ್ನೂ ತಂದು ಪರೀಕ್ಷಿಸಿದೆ. ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. ಆದರೆ ಬದುವಿನ ಬಿಲಗಳಲ್ಲಿ ಏಡಿಯಿಲ್ಲ, ಮಡುವಿನಲ್ಲಿ ತೋಳುದ್ದದ ಮೀನಿಲ್ಲ. ಅವು ಇದ್ದವು ಎಂದರೆ ಈಗಿನ ಹುಡುಗರು ನಂಬುವುದಿಲ್ಲ, ನಂಬಿ ಎಂದು ಒತ್ತಾಯಿಸಲು ನನ್ನ ಬಳಿ ಪುರಾವೆಯೂ ಇಲ್ಲ. ಆ ಬೆಳಗಿನ ನೀರನ್ನು ಯಾರೂ ಬಾಟಲಿಗೆ ತುಂಬಿಡಲಿಲ್ಲ. ಅದರ ಸಾಕ್ಷಿ ಉಳಿದದ್ದು ಒಬ್ಬ ಮನುಷ್ಯನ ಹೊಟ್ಟೆಯಲ್ಲಿ. ಅವನನ್ನು ನಾವು ಬಸ್ಸು ಹತ್ತಿಸಿ ಕಳಿಸಿಬಿಟ್ಟೆವು.