ಮಲಾಕಿಗೆ ಒಂದೇ ಮಟ್ಟು ಸಾಕು
ಕ್ಲೇರ್ ಸೀಮೆಯ ಮಲಾಕಿ ಅರವತ್ತೆಂಟನೇ ವಯಸ್ಸಿನಲ್ಲಿ ಕಾನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯ ಕಲಿಯಲು ಹಟ ಹಿಡಿದು ಕೂತಿದ್ದಾನೆ. ಹಾಲು ಕರೆದು ಬಂದವನೇ, ಒಲೆಯ ಪಕ್ಕದ ಗೂಡಿನಲ್ಲಿ ಹೆಂಡತಿ ಡೀಲಿಯಾ ಬೆಚ್ಚಗಿಟ್ಟಿರುವ ಅವಳ ವಾದ್ಯವನ್ನು ತೊಡೆಗೇರಿಸುತ್ತಾನೆ. ಅದರ ಗುಂಡಿ ಒಂದೇ ಆದರೂ, ತಿದಿ ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಅವನು ನುಡಿಸತೊಡಗಿದರೆ ನಾಯಿ ಎದ್ದು ಹೊರಗೆ ಹೋಗುತ್ತದೆ. "ಹೆಂಗಸರ ವಾದ್ಯ ಕಣೋ, ಬಿಟ್ಬಿಡು," ಎಂದು ನೆರೆಮನೆಯ ಪ್ಯಾಕಿ ರೇಗಿಸುತ್ತಾನೆ. "ಎಳೀಬೇಕಾದ ಕಡೆ ಒತ್ತಿದೆಯಲ್ಲೋ, ಮತ್ತೆ ಮೊದಲಿಂದ," ಎನ್ನುತ್ತಾಳೆ ಆಲೂಗೆಡ್ಡೆ ಸುಲಿಯುವ ಡೀಲಿಯಾ. ಮಲಾಕಿ ಮತ್ತೆ ಮೊದಲಿಂದ ಶುರುಮಾಡುತ್ತಾನೆ. ಕುಣಿತದ ಒಂದೇ ಮಟ್ಟು ಸಾಕಂತೆ, ಎರಡನೆಯದು ಬೇಡವೇ ಬೇಡವಂತೆ. "ಒಂದೇ ಇಟ್ಕೊಂಡು ಏನ್ಮಾಡ್ತೀಯೋ?" ಎಂದು ಪ್ಯಾಕಿ ಕೇಳಿದಾಗ, ಡೀಲಿಯಾ ಕೋಳಿಗೂಡಿನತ್ತ ಹೋಗುವವರೆಗೂ ಕಾದು ಹೇಳಿದ: "ನಲವತ್ತು ವರ್ಷದಿಂದ ಈ ಅಡುಗೆಮನೇಲಿ ಇದನ್ನ ನುಡಿಸ್ತಾ ಕೂತು ಊರನ್ನೆಲ್ಲ ಕುಣಿಸಿದಾಳೆ. ಒಂದ್ಸಲ ನಾನು ಕೂತ್ರೆ, ಅವಳು ಎದ್ದು ಕುಣೀಬಹುದು."